ಸಹಾಯ ಬೇಕು: ರಿಂಜಾನಿ ಶಿಖರದ ರಾತ್ರಿ ಚಾರಣದ ಬಗ್ಗೆ

ಮಾನ್ಯರೇ, ಇಂಡೊನೇಷ್ಯಾದ ಲೊಂಬೊಕ್ ದ್ವೀಪದಲ್ಲಿರುವ 3,726 ಮೀಟರ್ ಎತ್ತರದ ರಿಂಜಾನಿ ಜ್ವಾಲಾಮುಖಿಯನ್ನು ಮಾರ್ಗದರ್ಶಕರೊಂದಿಗೆ ಏರಲು ನಾನೂ ನನ್ನ ತಮ್ಮನೂ ನಿರ್ಧರಿಸಿದ್ದೇವೆ. ಸೆಂಬಲೂನ್ ಹಳ್ಳಿಯಿಂದ ಹೊರಟು, 2,639 ಮೀಟರ್ ಎತ್ತರದ ಕುಳಿಯಂಚಿನಲ್ಲಿ ಡೇರೆ ಹಾಕಿ, ನಡುರಾತ್ರಿ ಕಳೆದ ಮೇಲೆ ಶಿಖರದತ್ತ ನಡೆಯುವುದು ಅಲ್ಲಿನ ವಾಡಿಕೆ. ಕೊನೆಯ ಏರಿನಲ್ಲಿ ಸಡಿಲ ಬೂದಿ ಮತ್ತು ಜಲ್ಲಿಯ ಮೇಲೆ ಇಟ್ಟ ಹೆಜ್ಜೆಯೆಲ್ಲ ಹಿಂದಕ್ಕೆ ಜಾರುತ್ತದೆ. ತಮ್ಮನಿಗೆ ಕುಮಾರಪರ್ವತ ಹತ್ತಿದ ಅನುಭವವಿದ್ದರೂ, ಅದರ ಎತ್ತರ 1,712 ಮೀಟರ್ ಮಾತ್ರವಾದ್ದರಿಂದ, ರಿಂಜಾನಿಯ ತೆಳುಗಾಳಿಗೆ ಅವನ ದೇಹ ಒಗ್ಗುವುದೇ ಎಂಬ ಆತಂಕ ನನಗಿದೆ.

ಒಬ್ಬರು ದಣಿದು ಹಿಂದಿರುಗಬೇಕಾಗಿ ಬಂದಲ್ಲಿ ಇನ್ನೊಬ್ಬರು ಕತ್ತಲಲ್ಲಿ ಒಂಟಿಯಾಗದಂತೆ, ಇಬ್ಬರು ಮಾರ್ಗದರ್ಶಕರನ್ನು ಮೊದಲೇ ಕೇಳಿ ಪಡೆಯಬಹುದೇ? ಈ ಒಂದು ವಿಷಯದಲ್ಲಿ ಹಣ ಉಳಿಸುವ ಯೋಚನೆ ನನಗಿಲ್ಲ. ಹೊರೆಯಾಳುಗಳು ಮಾಡುವ ಅಡುಗೆಯಲ್ಲಿ ಶುದ್ಧ ಸಸ್ಯಾಹಾರ ದೊರೆಯುವುದೇ ಎಂಬುದನ್ನೂ ಹೋಗಿಬಂದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.