ಹೂಕೋಸಿನ ನಾಟಕ ಕಂಪನಿ

"ಇದು ಅನ್ನ" ಎಂದು ಶೀನಪ್ಪ ಡಬ್ಬಿಯ ಮುಚ್ಚಳ ತೆಗೆದ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಇಣುಕಿದರು. ಬೆಳ್ಳಗೆ, ಪುಡಿಪುಡಿಯಾಗಿ ಏನೋ ಇತ್ತು. ಅಂಚಿನಲ್ಲಿ ನೀರು ಬಿಟ್ಟುಕೊಂಡಿತ್ತು. ತಾನು ಯಾರು ಅನ್ನೋದನ್ನ ಅದರ ವಾಸನೆಯೇ ಸಾರಿ ಹೇಳುತ್ತಿತ್ತು.

"ಹೂಕೋಸು ಕಣಯ್ಯಾ ಇದು."

"ಹೂಕೋಸಿನ ಅನ್ನ ಮೇಷ್ಟ್ರೇ. ಮಾಮೂಲಿ ಅನ್ನ 100 ಗ್ರಾಂ ತಿಂದ್ರೆ 28 ಗ್ರಾಂ ಕಾರ್ಬ್, ಅಂದ್ರೆ ಶರ್ಕರಪಿಷ್ಟ. ಇದರಲ್ಲಿ ಬರೀ 5. ಅದರಲ್ಲೂ 2 ಗ್ರಾಂ ನಾರು."

"ಲೆಕ್ಕ ಸರಿ. ಅನ್ನ ಎಲ್ಲಿ?" ಎಂದಳು ಪದ್ದಕ್ಕ.

ಕಿಟ್ಟಿಗೆ ರೇಗಿತು. "ಶೀನಣ್ಣಂಗೆ ಶುಗರ್ ಇದೆ ಪದ್ದಕ್ಕ. ಲೋ ಕಾರ್ಬ್ ಮಾಡ್ತಿದಾರೆ. ನೀವು ಹುರಿದುಂಬಿಸೋದು ಬಿಟ್ಟು..."

"ಅವನು ಅನ್ನ ಬಿಡಲಿ, ಬ್ರೆಡ್ ಬಿಡಲಿ, ನಂದೇನೂ ತಕರಾರಿಲ್ಲ. ಆದ್ರೆ ಆ ಹೂಕೋಸು ಏನು ಪಾಪ ಮಾಡಿತ್ತು? ಬೆಳಿಗ್ಗೆ ಬ್ರೆಡ್ ಪಾತ್ರ, ಮಧ್ಯಾಹ್ನ ಅನ್ನದ ಪಾತ್ರ, ರಾತ್ರಿ ಪಿಜ್ಜಾ ಪಾತ್ರ. ನಾಟಕ ಕಂಪನಿಯ ನಟರೆಲ್ಲ ಜ್ವರ ಬಂದು ಮಲಗಿದ್ರೂಂತ ಪರದೆ ಎಳೆಯೋ ಹುಡುಗನಿಗೇ ರಾಜ, ರಾಣಿ, ಮಂತ್ರಿ ಮೂರೂ ವೇಷ ಹಾಕಿಸಿದ ಹಾಗಾಯ್ತು."

"ಬಾದಾಮಿನೂ ಇದೆ" ಎಂದ ಕಿಟ್ಟಿ. "ಬಾದಾಮಿ ಹಿಟ್ಟಲ್ಲಿ ಬಿಸ್ಕತ್ತು ಮಾಡ್ತಾರೆ. ಸೌತೆಕಾಯಿ ತರದ ಜುಕಿನಿ ಹೆರೆದು ನೂಡಲ್ಸ್ ಮಾಡ್ತಾರೆ."

"ಓ, ಎಕ್ಸ್‌ಟ್ರಾ ನಟರೂ ಬಂದಿದಾರೆ."

"ನಗಬೇಡ ಪದ್ದಕ್ಕ" ಎಂದ ಶೀನಪ್ಪ. "ಮೂರು ತಿಂಗಳ ಶುಗರ್ ಸರಾಸರಿ ತೋರಿಸೋ HbA1c 8.4 ಇತ್ತು. ಈಗ 6.9. ಡಾಕ್ಟ್ರೇ ಎರಡು ಸಲ ರಿಪೋರ್ಟ್ ನೋಡಿದ್ರು."

ಪದ್ದಕ್ಕ ಒಂದು ಗಳಿಗೆ ಸುಮ್ಮನಾದಳು. (ಇದು ಆಗಾಗ ಆಗುವ ಸಂಗತಿ ಅಲ್ಲ.) "ಅದಕ್ಕೆ ನಿನ್ನ ಬೆನ್ನು ತಟ್ಟಬೇಕು ಶೀನ. ಅನ್ನ ಕಮ್ಮಿ ಮಾಡಿದ್ರೆ ಶುಗರ್ ಕಮ್ಮಿ ಆಗುತ್ತೆ, ಅದನ್ನ ನಾನು ಇಲ್ಲ ಅಂದ್ನಾ? ಬಿಟ್ಟಿದ್ದನ್ನ ಬಿಟ್ಟೆ ಅನ್ನು. ಬಿಟ್ಟು, ಅದರ ಬೊಂಬೆ ಮಾಡಿಕೊಂಡು ಯಾಕೆ ಪೂಜೆ ಮಾಡ್ತೀಯ?"

"ಇದೆಲ್ಲ ಲೇಟೆಸ್ಟು, ನಿಮಗೆ ಗೊತ್ತಾಗಲ್ಲ" ಎಂದು ಕಿಟ್ಟಿ ಗೊಣಗಿದ. ಅದೇ ಅವನು ಮಾಡಿದ ತಪ್ಪು. ಲೇಟೆಸ್ಟು ಅಂದರೆ ಸಾಕು, ಮೇಷ್ಟ್ರ ಪಾಠ ಶುರು.

"ಏನು ಲೇಟೆಸ್ಟು? 1863ರಲ್ಲೇ ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಅಂತ ಒಬ್ಬ, ಶವಸಂಸ್ಕಾರದ ಏರ್ಪಾಟು ಮಾಡೋನು, ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಟ್ಟು ತೆಳ್ಳಗಾದೆ ಅಂತ ಪುಸ್ತಿಕೆನೇ ಬರೆದ. ಅವನದು ಬೊಜ್ಜಿನ ಕಥೆ. ಸಕ್ಕರೆ ಕಾಯಿಲೆಯವರಿಗೆ ಅಂತಲೇ ಫ್ರಾನ್ಸಿನ ಬುಷಾರ್ಡಾ ಅನ್ನೋ ಡಾಕ್ಟ್ರು ಅದಕ್ಕೂ ಮೊದಲೇ ಪಿಷ್ಟ ತೆಗೆದ ಹಿಟ್ಟಿನ ಬ್ರೆಡ್ ತಿನ್ನಿಸ್ತಿದ್ದ. 1870ರಲ್ಲಿ ಪ್ಯಾರಿಸ್‌ಗೆ ಮುತ್ತಿಗೆ ಬಿತ್ತು. ಜನಕ್ಕೆ ಹೊಟ್ಟೆ ತುಂಬ ತಿನ್ನೋಕೆ ಇಲ್ಲ. ಇವನ ರೋಗಿಗಳ ಮೂತ್ರದಲ್ಲಿ ಸಕ್ಕರೆನೂ ಇಲ್ಲ!"

"ಶತ್ರು ಸೈನ್ಯವೇ ಡಯೆಟಿಷಿಯನ್ನು" ಎಂದಳು ಪದ್ದಕ್ಕ.

"ಇನ್ಸುಲಿನ್ ಬರೋ ಮುಂಚೆ ಅಮೆರಿಕದಲ್ಲಿ ಡಾಕ್ಟರ್ ಅಲೆನ್ ಅಂತ ಇದ್ದ. ಅವನ ಪಥ್ಯದಲ್ಲಿ ತರಕಾರಿನ ಮೂರು ಸಲ ಬೇಯಿಸಿ, ಮೂರು ಸಲವೂ ನೀರು ಬಸಿದು ಕೊಡ್ತಿದ್ರು. ಇದ್ದಬದ್ದ ಪಿಷ್ಟ, ಸಕ್ಕರೆ ಎಲ್ಲ ಹೋಗಲಿ ಅಂತ."

"ಮೂರು ಸಲ ಬೇಯಿಸಿದ ಮೇಲೆ ಉಳಿಯೋದೇನು ಮೇಷ್ಟ್ರೇ?"

"ಬದುಕು. ಒಂದಷ್ಟು ದಿನದ್ದು." ಮೇಷ್ಟ್ರ ದನಿ ಸ್ವಲ್ಪ ಇಳಿಯಿತು. "ಮಕ್ಕಳು ಮೂಳೆ ಚಕ್ಕಳ ಆಗ್ತಿದ್ರು. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದನ್ನ ಕಂಡುಹಿಡಿದವರಲ್ಲಿ ಒಬ್ಬನ ಹೆಸರೂ ಬ್ಯಾಂಟಿಂಗ್. ಫ್ರೆಡೆರಿಕ್ ಬ್ಯಾಂಟಿಂಗ್."

"ಒಬ್ಬ ಬ್ಯಾಂಟಿಂಗ್ ಬ್ರೆಡ್ ಕಿತ್ಕೊಂಡ, ಇನ್ನೊಬ್ಬ ಬ್ಯಾಂಟಿಂಗ್ ವಾಪಸ್ ಕೊಟ್ಟ. ಅದರ ಮೇಲೂ ನಮ್ಮ ಶೀನ ಹೂಕೋಸು ಕೆರೀತಾ ಕೂತ."

ಆಗ ಕಿಟ್ಟಿಯ ಮೊಬೈಲು ಕುಯ್ಯ್ ಎಂದಿತು. ತೋಳಿಗೆ ಅಂಟಿಸಿಕೊಂಡಿದ್ದ, ಶುಗರ್ ಅಳೆಯುವ ಸೆನ್ಸರ್‌ನಿಂದ ಬಂದ ಸುದ್ದಿ. "ಅಯ್ಯೋ, 141! ಆ ಬಾಳೆಹಣ್ಣು ತಿನ್ನಬಾರದಿತ್ತು."

"ನಿನಗೆ ಯಾವಾಗ ಬಂತಪ್ಪಾ ಶುಗರ್?" ಎಂದಳು ಪದ್ದಕ್ಕ.

"ಬಂದಿಲ್ಲ. ಸುಮ್ನೆ, ಡೇಟಾಗೆ."

"ಬಾಳೆಹಣ್ಣು ತಿಂದ್ರೆ ಯಾರಿಗಾದ್ರೂ ಏರುತ್ತೆ, ಆಮೇಲೆ ಇಳಿಯುತ್ತೆ. ಇಳಿಸೋಕೆ ಅಂತ ಇನ್ಸುಲಿನ್ ಬಿಡೋ ಗ್ರಂಥಿ, ನಿನ್ನ ಪ್ಯಾಂಕ್ರಿಯಾಸ್, ಸಂಬಳ ಇಲ್ಲದೆ ದುಡೀತಿದೆ. ನೀನು ಅದರ ಹಿಂದೆ ಸಿಸಿಟಿವಿ ಹಾಕಿದೀಯ."

ಶೀನಪ್ಪ ನಕ್ಕ. ನಕ್ಕಿದ್ದರಿಂದ ಮಾತು ಅವನ ಕಡೆಗೆ ತಿರುಗಿತು.

"ನೀನೇನು ನಗ್ತೀಯ? ಅವತ್ತು ನಡುಗುತ್ತಾ ಕೂತಿದ್ಯಲ್ಲ, ಅದನ್ನ ಹೇಳು ಇವರಿಗೆ."

ಶೀನಪ್ಪ ಹೇಳಿದ. ಶುರುವಿನಲ್ಲಿ ಡಾಕ್ಟರಿಗೆ ತಿಳಿಸದೆಯೇ ಅನ್ನ ಪೂರ್ತಿ ಬಿಟ್ಟಿದ್ದ. ಮಾತ್ರೆ ಮಾತ್ರ ಮೊದಲಿನಷ್ಟೇ. ಗ್ಲಿಮೆಪಿರೈಡ್ ತರದ ಮಾತ್ರೆಗೆ ಹೊಟ್ಟೆಗೆ ಏನು ಬಿತ್ತು ಅನ್ನೋದು ಗೊತ್ತಾಗಲ್ಲ, ಇನ್ಸುಲಿನ್ ಬಿಡು ಬಿಡು ಅಂತ ಪ್ಯಾಂಕ್ರಿಯಾಸನ್ನು ತಿವಿಯುತ್ತಲೇ ಇರುತ್ತೆ. ಮೈಯೆಲ್ಲ ಬೆವರು, ಕೈ ನಡುಕ, ಕಣ್ಣು ಮಂಜು. ಚುಚ್ಚಿ ನೋಡಿದರೆ 58. 70ಕ್ಕಿಂತ ಕೆಳಗೆ ಇಳಿದರೇನೇ ಲೋ ಶುಗರ್. ಹೆಂಡತಿ ನಾಲ್ಕು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದಳು. ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿದಾಗ ಜೀವ ಬಂತು. ಮಾರನೇ ದಿನ ಡಾಕ್ಟರು ಬೈದು ಮಾತ್ರೆ ಅರ್ಧ ಮಾಡಿದರು.

"ಒಂದು ಮಾತು ಹೇಳ್ಲಾ?" ಎಂದ ಶೀನಪ್ಪ. "ಆ ಸಕ್ಕರೆ ನೀರು... ಅಷ್ಟು ನಡುಕದಲ್ಲೂ, ಆಹಾ."

ಯಾರೂ ಬೈಯಲಿಲ್ಲ.

"ಮತ್ತೆ ಈಗ ಮನೇಲಿ ಊಟ ಹೇಗೆ?" ಎಂದು ಮೇಷ್ಟ್ರು ಕೇಳಿದರು.

"ನಂದು ಬೇರೆ, ಅವಳದು ಬೇರೆ. ನಾನು ಮೇಜಿನ ಹತ್ರ ಕೂತು ಈ ಡಬ್ಬಿ ಖಾಲಿ ಮಾಡ್ತೀನಿ. ಅವಳು ಅಡುಗೆಮನೆಯಲ್ಲಿ ನಿಂತ್ಕೊಂಡೇ ಅನ್ನ ತಿಂದು ಮುಗಿಸ್ತಾಳೆ. ನನ್ನ ಕಣ್ಣಿಗೆ ಬೀಳಬಾರದಂತೆ. ತಟ್ಟೆ ಸದ್ದು ಕೂಡ ಆಗಲ್ಲ. ಆ ಸದ್ದು ಆಗದೆ ಇರೋದೇ ನನಗೆ ಕೇಳಿಸುತ್ತೆ."

ಪದ್ದಕ್ಕ ಡಬ್ಬಿ ತನ್ನ ಕಡೆ ಎಳೆದುಕೊಂಡಳು. ಒಂದು ಚಮಚ ಬಾಯಿಗೆ ಹಾಕಿ ಮುಖ ಕಿವುಚಿದಳು. "ಉಪ್ಪಿಲ್ಲ, ಖಾರ ಇಲ್ಲ. ಅನ್ನದ ಪಾತ್ರ ಮಾಡೋಕೆ ಹೋಗಿ ತನ್ನ ರುಚಿನೂ ಕಳ್ಕೊಂಡಿದೆ ಪಾಪ. ನಾಳೆಯಿಂದ ಇದನ್ನ ಹೆಚ್ಚಿ, ಎಣ್ಣೆಯಲ್ಲಿ ಕೆಂಪಗೆ ಹುರಿದು ತಿನ್ನು. ಮೊದಲು ತರಕಾರಿ, ಆಮೇಲೆ ಮೊಟ್ಟೆನೋ ಬೇಳೆನೋ. ಕೊನೆಗೆ ಅವಳ ಜೊತೆ ಕೂತು ಒಂದು ಸೌಟು ನಿಜವಾದ ಅನ್ನ. ಈ ಕ್ರಮದಲ್ಲಿ ತಿಂದ್ರೆ ಶುಗರ್ ಅಷ್ಟು ಎತ್ತರ ಹಾರಲ್ಲ ಅಂತ ಡಾಕ್ಟ್ರುಗಳೇ ಹೇಳ್ತಾರೆ. ತಿಂದ ಮೇಲೆ ಇಬ್ಬರೂ ಒಂದು ಸುತ್ತು ನಡೀರಿ. ನಿಮ್ಮ ಡಾಕ್ಟ್ರನ್ನ ಕೇಳಿಯೇ ಶುರು ಮಾಡು, ಮತ್ತೆ ನಡುಗಬೇಡ."

ಶೀನಪ್ಪನ ಕಣ್ಣು ಅರಳಿತು. "ಒಂದು ಸೌಟಾ, ಎರಡಾ?"

"ಒಂದು."

"ಸೌಟು ಯಾವ ಸೈಜಿಂದು?"

"ಅದು ನಿನ್ನ ಹೆಂಡತಿ ಕೈಲಿರೋದು."

"ಹಾಗಾದ್ರೆ ಟೀ ಚಮಚ ಅನ್ನು" ಎಂದು ಶೀನಪ್ಪ ಡಬ್ಬಿ ಮುಚ್ಚಿದ.