ಮಾವಿನ ಮರದ ಬಂದಳಿಕೆ: ಕಿತ್ತಷ್ಟೂ ಚಿಗುರುತ್ತಿದೆ, ಏನು ಮಾಡೋದು?

ಮದ್ದೂರು_ಮಾವು:
ಮದ್ದೂರು ತಾಲ್ಲೂಕು, ಕೆಂಪು ಮಣ್ಣಿನ ಮಳೆಯಾಶ್ರಿತ ತೋಟ. ಬಾದಾಮಿ, ರಸಪುರಿ, ಅಂಚಿನಲ್ಲಿ ಒಂದು ಸಾಲು ತೋತಾಪುರಿ. ಹಳೇ ಮರಗಳು. ಅರ್ಧಕ್ಕೂ ಹೆಚ್ಚು ಮರಗಳಲ್ಲಿ ಬಂದಳಿಕೆ (ಮರದ ಕೊಂಬೆಯೊಳಕ್ಕೆ ಬೇರಿಳಿಸಿ ಬದುಕೋ ಗಿಡ) ಇದೆ. ಅದು ಹತ್ತಿದ ಕೊಂಬೆಯಲ್ಲಿ ಗಂಟಿನಿಂದಾಚೆ ತುದಿ ಒಣಗುತ್ತಿದೆ, ಕಾಯಿ ಸಣ್ಣದಾಗುತ್ತಿದೆ. ಕೂಲಿಯವರು ಪ್ರತಿ ವರ್ಷ ದೋಟಿಯಲ್ಲಿ ಎಳೆದು ಕೀಳುತ್ತಾರೆ, ಮಳೆ ಬಿದ್ದರೆ ಅದೇ ಜಾಗದಲ್ಲಿ ಮತ್ತೆ ಚಿಗುರುತ್ತದೆ.

ಕೇಳಬೇಕಾಗಿರೋದು ಮೂರು. ಸರಿಯಾಗಿ ತೆಗೆಯೋದು ಹೇಗೆ? ಎಥ್ರೆಲ್ ಅನ್ನೋ ಔಷಧಿ ಹೊಡೆದರೆ ಉದುರುತ್ತದೆ ಅಂತಾರೆ, ನಿಜವಾ? ಅಮೆರಿಕದ ಪೈನ್ ಕಾಡುಗಳಲ್ಲಿ ಬಂದಳಿಕೆಗೆ 0ಯಿಂದ 6ರವರೆಗೆ ಅಂಕ ಕೊಟ್ಟು ಯಾವ ಮರ ಕಡಿಯಬೇಕು ಅಂತ ತೀರ್ಮಾನಿಸುತ್ತಾರಂತೆ. ಅದು ನಮ್ಮ ತೋಟಕ್ಕೂ ಆಗುತ್ತಾ?

ಗರಗಸ_ಮೈಸೂರು:
ಎಳೆದು ಕೀಳಿಸೋದನ್ನ ಮೊದಲು ನಿಲ್ಲಿಸಿ ಸರ್. ಮತ್ತೆ ಚಿಗುರೋದಕ್ಕೆ ಅದೇ ಕಾರಣ.

ಒಂದು ಬಂದಳಿಕೆ ಕೊಂಬೆಯನ್ನ ಕೆಳಗಿಳಿಸಿ ಹತ್ತಿರದಿಂದ ನೋಡಿ. ಅದು ಕೂತ ಜಾಗದಲ್ಲಿ ಮುಷ್ಟಿಯಷ್ಟು ದಪ್ಪದ ಗಂಟು ಇರುತ್ತದೆ. ಗಂಟಿನಿಂದ ಬೂದು ಬಣ್ಣದ ಬೇರು ಹೊರಟು ಮಾವಿನ ತೊಗಟೆಗೆ ಅಂಟಿಕೊಂಡೇ ಎರಡೂ ಕಡೆಗೆ ಹರಿದಿರುತ್ತದೆ, ನಡುನಡುವೆ ತೊಗಟೆಯೊಳಕ್ಕೆ ಮತ್ತೆ ಬೇರು ಇಳಿಸಿರುತ್ತದೆ. ದೋಟಿಯಲ್ಲಿ ಎಳೆದರೆ ಬರೋದು ಮೇಲಿನ ಸೊಪ್ಪು ಮಾತ್ರ. ಒಳಗೆ ಕೂತ ಭಾಗ, ಹರಿದ ಬೇರು ಎರಡೂ ಅಲ್ಲೇ ಉಳಿದು, ಒಂದು ಕಡೆ ಇದ್ದದ್ದು ಮೂರು ಕಡೆ ಚಿಗುರುತ್ತದೆ.

ಆದ್ದರಿಂದ ಕೊಂಬೆಯನ್ನೇ ಕತ್ತರಿಸಬೇಕು. ಅಳತೆ ಗಂಟಿನಿಂದಲ್ಲ. ಹರಿದ ಬೇರು ಬುಡದ ಕಡೆಗೆ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಂದ ಇನ್ನೂ ಒಂದಡಿ ಕೆಳಗೆ. ಅಲ್ಲಿಗೆ ಹತ್ತಿರದಲ್ಲೇ ಕವಲು ಸಿಕ್ಕರೆ ಕವಲಿನ ತನಕ ತೆಗೆಯಿರಿ, ಮೋಟು ಬಿಡಬೇಡಿ. ಮೋಟು ಒಣಗಿ ಕೊಳೆಯುತ್ತದೆ.

ಮಣಿಕಟ್ಟಿಗಿಂತ ದಪ್ಪದ ಕೊಂಬೆಯಾದರೆ ಮೂರು ಕೊಯ್ತ. ಕೊನೆಗೆ ಕತ್ತರಿಸಬೇಕಾದ ಜಾಗದಿಂದ ಒಂದಡಿ ಆಚೆ, ಕೆಳಗಿನಿಂದ ಮೇಲಕ್ಕೆ ಮೂರನೇ ಒಂದು ಭಾಗ ಗರಗಸ ಹಾಕಿ. ಅದರಿಂದ ಎರಡು ಇಂಚು ತುದಿ ಕಡೆಗೆ ಮೇಲಿನಿಂದ ಕೊಯ್ದರೆ ಕೊಂಬೆ ಭಾರಕ್ಕೆ ಮುರಿದು ಬೀಳುತ್ತದೆ. ಆಮೇಲೆ ಉಳಿದ ಮೋಟನ್ನ ಬುಡದ ಉಬ್ಬು ಕೆಡದ ಹಾಗೆ ನೀಟಾಗಿ ತೆಗೆಯಿರಿ. ಮಚ್ಚಿನಲ್ಲಿ ಕಡಿದರೆ ತೊಗಟೆ ಬುಡದವರೆಗೆ ಸೀಳಿಕೊಂಡು ಹೋಗುತ್ತದೆ, ಆ ಗಾಯದಲ್ಲಿ ಕಾಂಡಕೊರಕ ಮೊಟ್ಟೆ ಇಡುತ್ತದೆ.

ಗಾಯಕ್ಕೆ ಅವತ್ತೇ ಬೋರ್ಡೋ ಪೇಸ್ಟ್ ಬಳಿಯಿರಿ. ಮೈಲುತುತ್ತ 1 ಕೆ.ಜಿ., ಸುಟ್ಟ ಸುಣ್ಣ 1 ಕೆ.ಜಿ., ನೀರು 10 ಲೀಟರ್. ಎರಡನ್ನೂ ಐದೈದು ಲೀಟರ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ಸುಣ್ಣ ತಣ್ಣಗಾದ ಮೇಲೆ ಬೆರೆಸಿ. ಕಬ್ಬಿಣದ ಪಾತ್ರೆ ಬೇಡ. ಉಜ್ಜಿ ಹೊಳಪು ಮಾಡಿದ ಚಾಕುವನ್ನ ಒಂದು ನಿಮಿಷ ಅದ್ದಿ ನೋಡಿ. ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಬೆರೆಸಿದ ದಿನವೇ ಮುಗಿಸಬೇಕು, ಮಾರನೇ ದಿನಕ್ಕೆ ಸತ್ವ ಇರಲ್ಲ.

ಕಾಲ: ಕೊಯ್ಲು ಮುಗಿದ ಕೂಡಲೇ. ಬಾದಾಮಿ, ರಸಪುರಿ ಜೂನ್‌ನಲ್ಲಿ, ತೋತಾಪುರಿ ಜುಲೈ ಒಳಗೆ. ತಡ ಮಾಡಿದರೆ ಹೊಸ ಚಿಗುರು ಬಲಿಯೋದಕ್ಕೆ ಸಮಯ ಸಾಲದೆ ಆ ಕೊಂಬೆಯಲ್ಲಿ ಮುಂದಿನ ಹೂವು ತಪ್ಪುತ್ತದೆ. ಒಂದೇ ವರ್ಷ ಮರದ ತಲೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ನೆರಳಲ್ಲಿದ್ದ ತೊಗಟೆಗೆ ಒಮ್ಮೆಲೇ ಬಿಸಿಲು ಬಿದ್ದರೆ ಸುಟ್ಟು ಬಿರಿಯುತ್ತದೆ. ಹೆಚ್ಚು ಹತ್ತಿದ ಮರಕ್ಕೆ ಎರಡು ಮೂರು ವರ್ಷದ ಲೆಕ್ಕ ಹಾಕಿಕೊಳ್ಳಿ.

ಕಾಡುಪಾಠ:
ಅಂಕದ ವಿಷಯಕ್ಕೆ ನನ್ನ ಉತ್ತರ.

ನೀವು ಓದಿರೋದು ಕುಬ್ಜ ಬಂದಳಿಕೆ, ಆರ್ಸಿಯುಥೋಬಿಯಂ ಕುಲದ್ದು. ಅದು ಬದುಕೋದು ಪೈನ್, ಫರ್, ಜುನಿಪರ್ ಥರದ ಸೂಜಿಮರಗಳ ಮೇಲೆ ಮಾತ್ರ. ನಮ್ಮ ದೇಶದಲ್ಲೂ ಹಿಮಾಲಯದ ನೀಲಿ ಪೈನ್ ಮೇಲೆ ಅದರ ಒಂದು ಜಾತಿ ಇದೆ. ಮಾವಿಗೆ ಅದು ಹತ್ತಲ್ಲ. ನಿಮ್ಮ ತೋಟದ್ದು ಡೆಂಡ್ರಾಫ್ತಿ ಫಾಲ್ಕೇಟಾ, ದಪ್ಪ ಎಲೆ, ಕೊಳವೆಯಂಥ ಕಿತ್ತಳೆ ಛಾಯೆಯ ಹೂವು.

ಅಂಕ ಹಾಕುವ ಕ್ರಮವನ್ನ 1977ರಲ್ಲಿ ಹಾಕ್ಸ್‌ವರ್ತ್ ಅನ್ನೋ ಅರಣ್ಯ ವಿಜ್ಞಾನಿ ಪ್ರಕಟಿಸಿದರು. ಮರದ ಹಸಿರು ತಲೆಯನ್ನ ಮೇಲೆ, ನಡು, ಕೆಳಗೆ ಅಂತ ಮೂರು ಪಾಲು ಮಾಡಬೇಕು. ಒಂದು ಪಾಲಿನಲ್ಲಿ ಬಂದಳಿಕೆ ಇಲ್ಲದಿದ್ದರೆ 0, ಅರ್ಧ ಅಥವಾ ಅದಕ್ಕಿಂತ ಕಡಿಮೆ ಕೊಂಬೆಗೆ ಹತ್ತಿದ್ದರೆ 1, ಅರ್ಧಕ್ಕಿಂತ ಹೆಚ್ಚಿದ್ದರೆ 2. ಮೂರೂ ಕೂಡಿದರೆ ಮರದ ಅಂಕ.

ಮರ ಎಣಿಸಿ ಕೆಲಸದ ಸರದಿ ಗೊತ್ತುಮಾಡೋದಕ್ಕೆ ಇದನ್ನ ಮಾವಿಗೂ ಬಳಸಬಹುದು. 1, 2 ಬಂದ ಮರಗಳನ್ನ ಮೊದಲ ವರ್ಷವೇ ಪೂರ್ತಿ ಚೊಕ್ಕ ಮಾಡಿ, ಅಲ್ಲಿ ಕೆಲಸ ಕಡಿಮೆ, ಫಲ ಹೆಚ್ಚು. 3, 4ಕ್ಕೆ ಎರಡು ಮೂರು ಕಂತು. 5, 6 ಬಂದದ್ದಕ್ಕೆ ಪುನಶ್ಚೇತನ ಕತ್ತರಿಕೆಯೋ (ದೊಡ್ಡ ಕೊಂಬೆಗಳನ್ನ ಮೋಟು ಮಾಡಿ ಹೊಸದಾಗಿ ಚಿಗುರಿಸೋದು) ಹೊಸ ಸಸಿಯೋ ಅಂತ ಯೋಚಿಸಬೇಕು. ಈ ಸರದಿ ನನ್ನದು, ಪೈನ್ ಕಾಡಿನದಲ್ಲ.

ಆದರೆ ಅಲ್ಲಿನ ಕಡಿಯುವ ನಿಯಮವನ್ನ ಇಲ್ಲಿಗೆ ತರಬೇಡಿ. ಕುಬ್ಜ ಬಂದಳಿಕೆಯ ಕಾಯಿ ಒಳಗಿನ ನೀರಿನ ಒತ್ತಡಕ್ಕೆ ಸಿಡಿದು ಬೀಜವನ್ನ ಹತ್ತು ಹದಿನೈದು ಮೀಟರ್‌ವರೆಗೂ ಎಸೆಯುತ್ತದೆ. ಎತ್ತರದ ರೋಗದ ಮರ ಉಳಿದರೆ ಅದರ ಕೆಳಗಿನ ಎಳೆ ಮರಗಳ ಮೇಲೆ ಬೀಜದ ಮಳೆ. ಅದಕ್ಕೇ ಅವರು ಹತ್ತಿದ ದೊಡ್ಡ ಮರಗಳನ್ನ ಮೊದಲು ತೆಗೆಯುತ್ತಾರೆ, ಅಂಚಿನಲ್ಲಿ ಅದು ಹತ್ತದ ಜಾತಿಯ ಮರ ನೆಡುತ್ತಾರೆ. ನಮ್ಮದರ ಬೀಜ ಹೊರೋದು ಹಕ್ಕಿ, ಮುಖ್ಯವಾಗಿ ಬೆರಳುದ್ದದ ಬದನಿಕೆ ಹಕ್ಕಿ. ಹಣ್ಣು ನುಂಗುತ್ತದೆ, ಬೀಜ ಅಂಟಂಟಾಗಿ ಹೊರಬರುತ್ತದೆ, ಅದನ್ನ ಕೂತ ಕೊಂಬೆಗೇ ಒರೆಸುತ್ತದೆ. ಹಾಗಾಗಿ ಹದಿನೈದು ಮೀಟರ್ ಅಂತರ ಬಿಟ್ಟು ಏನೂ ಪ್ರಯೋಜನ ಇಲ್ಲ. ಇಲ್ಲಿ ಹಿಡಿತ ಇರೋದು ಒಂದೇ ಕಡೆ: ಹಣ್ಣಾಗೋದಕ್ಕೆ ಬಿಡಬಾರದು.

ಮದ್ದೂರು_ಮಾವು:
ಇಬ್ಬರಿಗೂ ಧನ್ಯವಾದ. ಎರಡು ಮರದಲ್ಲಿ ಗಂಟು ಕಾಂಡದ ಮೇಲೇ ಇದೆ. ಅಲ್ಲಿ ಕತ್ತರಿಸೋ ಹಾಗಿಲ್ಲವಲ್ಲ? ಎಥ್ರೆಲ್ ವಿಷಯಾನೂ ಯಾರಾದರೂ ಹೇಳಿ.

ಹಸಿರುಗೊಬ್ಬರ:
ಎಥ್ರೆಲ್ ಅಂದರೆ ಎಥೆಫಾನ್ 39%. ಲೀಟರ್ ನೀರಿಗೆ 25 ಮಿ.ಲೀ. ಅಂತ ಹೇಳೋರಿದ್ದಾರೆ, ಲೆಕ್ಕ ಹಾಕಿದರೆ ಅದು ಸುಮಾರು 1% ದ್ರಾವಣ. ಎಲೆ ಮೇಲೆ ಬಿದ್ದರೆ ಎಥಿಲೀನ್ ಅನ್ನೋ ಅನಿಲ ಬಿಡುತ್ತದೆ, ಬಂದಳಿಕೆ ಎಲೆ ಉದುರುತ್ತದೆ. ಅದೇ ಎಥಿಲೀನ್ ಮಾವಿನ ಎಲೆಯನ್ನೂ ಕಾಯಿಯನ್ನೂ ಉದುರಿಸುತ್ತದೆ. ಇಪ್ಪತ್ತಡಿ ಮೇಲಿನ ಸೊಪ್ಪಿಗೆ ಮಾತ್ರ ಬೀಳೋ ಹಾಗೆ ಕೆಳಗಿನಿಂದ ಹೊಡೆಯೋಕೆ ಆಗಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ತೊಗಟೆಯೊಳಗಿನ ಬೇರನ್ನ ಸಾಯಿಸಲ್ಲ. ಪೈನ್ ಕಾಡಿನಲ್ಲೂ ಅದನ್ನ ಹೊಡೆಯೋದು ಬೀಜ ಬೀಳೋದನ್ನ ಕೆಲವು ವರ್ಷ ಮುಂದೂಡೋದಕ್ಕಷ್ಟೇ, ಚಿಗುರು ವಾಪಸ್ ಬರುತ್ತದೆ. ಏಣಿ ಹತ್ತೋ ಕೂಲಿ ಹೇಗೂ ಕೊಡ್ತೀರಿ, ಕೈಗೆ ಗರಗಸ ಕೊಡಿ.

2,4-ಡಿ (ಅಗಲ ಎಲೆ ಗಿಡ ಕೊಲ್ಲೋ ಕಳೆನಾಶಕ) ಬಳಿಯೋದಂತೂ ಬೇಡವೇ ಬೇಡ. ಮಾವೂ ಅಗಲ ಎಲೆ ಮರವೇ. ಗಾಳಿಗೆ ತೇಲಿ ಪಕ್ಕದ ಹಿಪ್ಪುನೇರಳೆಗೋ ಟೊಮೆಟೊಗೋ ಹೋದರೆ ಎಲೆ ಮುದುರಿ ಅವರ ಬೆಳೆ ಹಾಳು. ಕಾಂಡ ಕೊರೆದು ಮೈಲುತುತ್ತ ತುಂಬೋದೂ ಅಷ್ಟೇ, ಅದು ಬಂದಳಿಕೆಗೆ ಮುಟ್ಟೋದು ಮಾವಿನ ಮರದ ನೀರಿನ ದಾರಿಯಲ್ಲೇ. ಮೊದಲು ಪೆಟ್ಟು ತಿನ್ನೋದು ನಿಮ್ಮ ಮರ.

ಕಾಂಡದ ಮೇಲಿನದಕ್ಕೆ: ಸೊಪ್ಪು, ಗಂಟಿನ ಉಬ್ಬು ಎರಡನ್ನೂ ತೊಗಟೆಯ ಮಟ್ಟಕ್ಕೆ ಗರಗಸದಲ್ಲಿ ತೆಗೆಯಿರಿ, ಉಳಿ ಹಾಕಿ ಒಳಗೆ ಅಗೆಯಬೇಡಿ. ಹರಿದ ಬೇರನ್ನ ಚಾಕುವಿನಲ್ಲಿ ಎಬ್ಬಿಸಿ ತೆಗೆದು, ಅಗಲವಾದ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೈದು ಸುತ್ತು ಸುತ್ತಿ, ಮೇಲೂ ಕೆಳಗೂ ಹಗ್ಗ ಬಿಗಿಯಿರಿ. ಬಂದಳಿಕೆ ಮರದಿಂದ ಎಳೆಯೋದು ನೀರು, ಲವಣ. ಆಹಾರವನ್ನ ಬಹುಪಾಲು ತನ್ನ ಹಸಿರೆಲೆಯಲ್ಲೇ ಮಾಡಿಕೊಳ್ಳಬೇಕು, ಬೆಳಕು ತಪ್ಪಿದರೆ ಸೊರಗುತ್ತದೆ. ಎರಡು ವರ್ಷ ಹಾಗೇ ಇರಲಿ. ಆರು ತಿಂಗಳಿಗೊಮ್ಮೆ ಹಗ್ಗ ಸಡಿಲಿಸಿ ಕಟ್ಟಿ, ಇಲ್ಲದಿದ್ದರೆ ಕಾಂಡದೊಳಕ್ಕೆ ಕೊರೆಯುತ್ತದೆ. ಪ್ಲಾಸ್ಟಿಕ್ ಹರಿದಿದ್ದರೆ ಬದಲಿಸಿ, ಬೆರಳಗಲ ಬೆಳಕು ಸಿಕ್ಕರೂ ಅಲ್ಲಿಂದ ಚಿಗುರುತ್ತದೆ.

ಗರಗಸ_ಮೈಸೂರು:
ಕತ್ತರಿಸಿ ಹಾಕಿದ್ದರ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಬಂದಳಿಕೆ ಬೀಜ ನೆಲದಲ್ಲಿ ಬೆಳೆಯಲ್ಲ ಅಂತ ಮರದ ಕೆಳಗೇ ಗುಡ್ಡೆ ಹಾಕುತ್ತಾರೆ. ಹಣ್ಣಿದ್ದರೆ ಹಕ್ಕಿ ಬಂದು ಅದನ್ನೇ ತಿಂದು ಮತ್ತೆ ಮೇಲಕ್ಕೆ ಒಯ್ಯುತ್ತದೆ. ಅವತ್ತೇ ಹೂತುಬಿಡಿ. ಮಾವಿನ ಮೇಲಿನ ಬಂದಳಿಕೆಯಾದರೆ ಸೊಪ್ಪು ಮೇಕೆಗೂ ಹಾಕಬಹುದು. ಕಣಗಿಲೆಯಂಥ ವಿಷದ ಗಿಡದ ಮೇಲೆ ಬೆಳೆದದ್ದನ್ನ ಮಾತ್ರ ಹಾಕಬೇಡಿ, ಆ ಗಿಡದ ವಿಷ ಇದಕ್ಕೂ ಇಳಿದಿರುತ್ತದೆ.

ತೋಟದ ಪಕ್ಕ ವಿದ್ಯುತ್ ತಂತಿ ಇದ್ದರೆ ಅಲ್ಯೂಮಿನಿಯಂ ಕೋಲಿನ ಗರಗಸ ಎತ್ತಲೇಬೇಡಿ. ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿ ಕೆಲಸ ಮಾಡಿ.

ಹೊಂಗೆನೆರಳು:
ಅಣ್ಣಾ, ಬದುವಿನ ಹೊಂಗೆ ಮರ ನೋಡಿದ್ದೀರಾ? ಮಂಡ್ಯ ಕಡೆ ಎಷ್ಟೋ ತೋಟಕ್ಕೆ ಬಂದಳಿಕೆ ಬರೋದು ಅಲ್ಲಿಂದ. ಮಾವನ್ನ ಮಾತ್ರ ಚೊಕ್ಕ ಮಾಡಿದರೆ ಮುಂದಿನ ವರ್ಷ ಹಕ್ಕಿ ಅದನ್ನ ವಾಪಸ್ ತಂದುಕೊಡುತ್ತದೆ. ಬೇಸಿಗೆ ಮೊದಲಲ್ಲಿ ಹೊಂಗೆ ಎಲೆ ಉದುರಿದಾಗ ಬೋಳು ಕೊಂಬೆಯಲ್ಲಿ ಹಸಿರು ಗುಪ್ಪೆ ದೂರದಿಂದಲೇ ಕಾಣುತ್ತದೆ, ಆಗಲೇ ತೆಗೆಸಿ. ಪಕ್ಕದವರ ಬದುವಾದರೆ ಅವರನ್ನೂ ಸೇರಿಸಿಕೊಂಡು ಒಂದೇ ವಾರದಲ್ಲಿ ಮುಗಿಸಿ. ರಸ್ತೆ ಬದಿಯ ಮರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು, ನಾವೇ ಕೈ ಹಾಕುವ ಹಾಗಿಲ್ಲ.

ಕತ್ತರಿಸಿದ ಮೇಲೆ ಒಂದು ವರ್ಷ ಬಿಟ್ಟು ಮರದ ಕೆಳಗೆ ನಿಂತು ಪೆನ್ಸಿಲ್ ದಪ್ಪದ ಕೊಂಬೆಗಳನ್ನ ನೋಡಿ. ಹಕ್ಕಿ ಒರೆಸಿದ ಬೀಜದಿಂದ ಎರಡು ಮೂರು ಎಲೆ ಬಿಟ್ಟ ಎಳೇ ಬಂದಳಿಕೆ ಅಲ್ಲೇ ಇರುತ್ತದೆ. ಆಗ ಕೈಕತ್ತರಿಯಲ್ಲಿ ಆ ತುದಿ ತೆಗೆದರೆ ಸಾಕು, ಏಣಿಯೂ ಬೇಡ, ಪೇಸ್ಟೂ ಬೇಡ.