ಕತ್ತಲಾದರೆ ಆಫ್ ಆಗುವ ಕ್ಯಾಮೆರಾ ಸರ್ವಿಸ್ ಸೆಂಟರಿನಲ್ಲಿ ಮಾತ್ರ ಸರಿ ಇರುತ್ತದೆ, ಏನು ಮಾಡುವುದು?

ಕಣದ_ಕಾವಲು (ಸಿದ್ದಾಪುರ)

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮನೆ ಅಂಗಳ ಮತ್ತು ಕಾಫಿ ಕಣ ಎರಡೂ ಕಾಣುವ ಹಾಗೆ ಒಂದು ವೈಫೈ ಕ್ಯಾಮೆರಾ ಹಾಕಿಸಿದ್ದೆ. ಅಂಗಡಿಯವರೇ ಬಂದು ಫಿಟ್ ಮಾಡಿದ್ದು. ಹಗಲು ಹೊತ್ತು ಏನೂ ತೊಂದರೆ ಇಲ್ಲ, ಕಣದಲ್ಲಿ ರೊಬಸ್ಟಾ ಹರಡಿದ್ದು, ಕೋಳಿ ಬಂದು ಕೆದಕಿದ್ದು ಎಲ್ಲ ಕನ್ನಡಿಯ ಹಾಗೆ ಕಾಣುತ್ತದೆ. ಸಂಜೆ ಕತ್ತಲಾಗುತ್ತಿದ್ದ ಹಾಗೆ ಒಳಗಡೆ "ಟಕ್" ಅಂತ ಒಂದು ಶಬ್ದ. ಚಿತ್ರ ಕಪ್ಪು ಬಿಳುಪಾಗುತ್ತದೆ, ಟಾರ್ಪಾಲಿನ ಅಂಚು ಕಾಣುವಷ್ಟರಲ್ಲಿ ಆಫ್. ಮತ್ತೆ ತಾನೇ ಆನ್ ಆಗುತ್ತದೆ, ಮತ್ತೆ ಟಕ್, ಮತ್ತೆ ಆಫ್. ಬೆಳಕು ಹರಿಯುವವರೆಗೂ ಇದೇ ಕತೆ. ಕಾಫಿ, ಮೆಣಸು ಕದಿಯುವವರು ಹಗಲಲ್ಲಿ ಬರ್ತಾರಾ?

ಮೈಸೂರಿನ ಸರ್ವಿಸ್ ಸೆಂಟರಿಗೆ ತಗೊಂಡು ಹೋದೆ. ಅವರು ಮಧ್ಯಾಹ್ನ ಟ್ಯೂಬ್‌ಲೈಟಿನ ಕೆಳಗೆ ಮೇಜಿನ ಮೇಲಿಟ್ಟು ಆನ್ ಮಾಡಿದರು, "ಸರಿ ಇದೆ ಸರ್" ಅಂದರು. ಜಗಳ ಮಾಡಿದ ಮೇಲೆ ಬೇರೆ ಪೀಸ್ ಕೊಟ್ಟರು. ಅದೂ ಇದೇ ಥರ. ಫೋನಿನಲ್ಲಿ ಕೇಳಿದರೆ "ನಿಮ್ಮ ಕೊಡಗಿನ ಮಳೆಗೆ ಹೀಗೆ ಆಗುತ್ತೆ" ಅನ್ನುತ್ತಾರೆ. ಜನವರಿಯಲ್ಲಿ ಎಲ್ಲಿಯ ಮಳೆ ಮಾರಾಯ್ರೆ? ಇನ್ನೇನು ವಾರಂಟಿ ಮುಗಿಯುತ್ತದೆ. ಯಾರಿಗಾದರೂ ಹೀಗೆ ಆಗಿದೆಯಾ?

ಆನೆದಾರಿ

ಎರಡು ನಾಯಿ ಸಾಕಿ. ರಾತ್ರಿ ಆಫ್ ಆಗಲ್ಲ, ಆ್ಯಪೂ ಬೇಡ. ನಮ್ಮಲ್ಲಿ ಹಾಕಿದ್ದ ಕ್ಯಾಮೆರಾವನ್ನು ಆನೆ ಕಂಬ ಸಮೇತ ಮಲಗಿಸಿ ಹೋಯಿತು, ಅದಕ್ಕೆ ವಾರಂಟಿ ಕೊಡಿ ಅಂತ ನಾನು ಕೇಳಲಿಲ್ಲ 😄

ವೈರ್‌ಮ್ಯಾನ್_ವಿರಾಜಪೇಟೆ

ಸರ್, ಒಂದು ವಿಷಯ ಹೇಳಿ. ಅಡಾಪ್ಟರ್ ಎಲ್ಲಿದೆ, ಕ್ಯಾಮೆರಾ ಎಲ್ಲಿದೆ? ಮಧ್ಯೆ ಎಷ್ಟು ಉದ್ದ ವೈರ್ ಎಳೆದಿದ್ದಾರೆ? ನಿಮ್ಮದು 5 ವೋಲ್ಟಿನ ಯುಎಸ್‌ಬಿ ಪಿನ್ನಿನದ್ದಾದರೆ ನನಗೆ ಅನುಮಾನ ಇರುವುದು ಅಲ್ಲೇ.

ಆ ಟಕ್ ಶಬ್ದ ದೋಷ ಅಲ್ಲ. ಲೆನ್ಸಿನ ಹಿಂದೆ ಒಂದು ಸಣ್ಣ ಫಿಲ್ಟರ್ ಇರುತ್ತದೆ, ಕತ್ತಲಾದಾಗ ಅದು ಪಕ್ಕಕ್ಕೆ ಸರಿಯುವ ಸದ್ದು. ಅದರ ಜೊತೆಗೇ ಸುತ್ತಲಿನ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ. ಆಗ ಕ್ಯಾಮೆರಾ ಎಳೆಯುವ ಕರೆಂಟ್ ಒಮ್ಮೆಲೇ ಜಾಸ್ತಿ ಆಗುತ್ತದೆ. ವೈರ್ ತೆಳ್ಳಗಿದ್ದು ಉದ್ದ ಇದ್ದರೆ ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗುತ್ತದೆ. 24 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.084 ಓಮ್ ರೆಸಿಸ್ಟೆನ್ಸ್. 10 ಮೀಟರ್ ದೂರ ಅಂದರೆ ಹೋಗಿ ಬರುವುದು ಸೇರಿ 20 ಮೀಟರ್, 1.7 ಓಮ್ ಆಯಿತು. ಅರ್ಧ ಆಂಪಿಯರ್ ಎಳೆದರೂ 0.8 ವೋಲ್ಟ್ ಹೋಯಿತು, ಕ್ಯಾಮೆರಾಗೆ ಸಿಗುವುದು 4.2. ಅಂಗಡಿಯ ಅಗ್ಗದ ಎಕ್ಸ್‌ಟೆನ್ಷನ್ ವೈರ್ ಇದಕ್ಕಿಂತಲೂ ತೆಳ್ಳಗಿರುತ್ತದೆ. ವೋಲ್ಟೇಜ್ ಬಿತ್ತು, ಆಫ್ ಆಯಿತು, ಎಲ್‌ಇಡಿ ಆರಿತು, ವೋಲ್ಟೇಜ್ ಮೇಲೆ ಬಂತು, ಮತ್ತೆ ಆನ್. ನೀವು ಬರೆದದ್ದು ಪೂರ್ತಿ ಇದೇ ಸುತ್ತು. ಪೀಸ್ ಬದಲಾಯಿಸಿದರೂ ವೈರ್ ಅದೇ ಅಲ್ವಾ?

ಹಗಲಲ್ಲೇ ನೋಡಬೇಕಾದರೆ ಕ್ಯಾಮೆರಾದ ಮುಖಕ್ಕೆ ಕಪ್ಪು ಬಟ್ಟೆ ಮುಚ್ಚಿ. ಕತ್ತಲಾಯಿತು ಅಂದುಕೊಂಡು ಎಲ್‌ಇಡಿ ಹೊತ್ತಿಸುತ್ತದೆ. ಮೊದಲು ಕಣದಲ್ಲಿ ಹಾಗೆ ಮಾಡಿ, ಆಮೇಲೆ ಅಡಾಪ್ಟರ್ ಪಕ್ಕದಲ್ಲೇ ಬಾಕ್ಸಿನ ಗಿಡ್ಡ ವೈರಿನಲ್ಲಿ ಮಾಡಿ.

ಮಂಜು_ಮಡಿಕೇರಿ

ಮೇಲಿನವರು ಹೇಳಿದ್ದು ಸರಿ. ಆದರೆ ಮಳೆಯ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ. ನಮ್ಮ ಮನೆಯದ್ದರಲ್ಲಿ ಜುಲೈಯಲ್ಲಿ ಗಾಜಿನ ಒಳಗಡೆಯೇ ಆವಿ ಕಟ್ಟಿತ್ತು, ಗೇಟು ಬರೀ ಬಿಳಿ ಮಸುಕು. ಡಬ್ಬದ ಮೇಲೆ ಐಪಿ66 ಅಂತ ದೊಡ್ಡದಾಗಿ ಇದೆ, ಅಂದರೆ ಧೂಳು, ನೀರು ಒಳಗೆ ಹೋಗಲ್ಲ ಅನ್ನುವ ದರ್ಜೆ. ಆ ಪರೀಕ್ಷೆ ಮಾಡುವುದು ಪೈಪಿನಲ್ಲಿ ನೀರು ಹೊಡೆದು, ಅದೂ ನಿಮಿಷಗಳ ಲೆಕ್ಕದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಊರಿನ ಥಂಡಿಗೆ ಅಲ್ಲ. ಸರ್ವಿಸ್‌ನವರು "ಒಳಗೆ ನೀರು ಹೋಗಿದೆ, ವಾರಂಟಿ ಬರಲ್ಲ" ಅಂದರು. ನೀರು ಹೋಗಲ್ಲ ಅಂತ ಹೇಳಿಯೇ ಮಾರಿದ್ದು ತಾನೇ? ಸೂರಿನ ಕೆಳಗೆ ಹಾಕಿ, ವೈರಿನ ಜಾಯಿಂಟ್ ಹೊರಗೆ ನೇತಾಡದ ಹಾಗೆ ನೋಡಿಕೊಳ್ಳಿ.

ರಸೀತಿ_ಇಟ್ಕೊಳ್ಳಿ

ಕಾನೂನಿನ ಕಡೆಯಿಂದ ಎರಡು ಮಾತು. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರಿನ ನಂಬರ್ ಕೊಡುತ್ತಾರೆ, ಎಷ್ಟೋ ಸಲ ಕಂಪನಿ ಅಷ್ಟಕ್ಕೇ ಬಗ್ಗುತ್ತದೆ. ಬಗ್ಗದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಯಾವ ಊರಿನದ್ದಾದರೂ ಸರಿ. 5 ಲಕ್ಷದ ಒಳಗಿನ ವಸ್ತುವಿಗೆ ಶುಲ್ಕ ಇಲ್ಲ, 2 ವರ್ಷದೊಳಗೆ ಕೊಡಬೇಕು. ವಕೀಲರು ಬೇಕೇಬೇಕು ಅಂತೇನೂ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಸುಮ್ನೆ ಫೋನಿನಲ್ಲಿ ಕೂಗಾಡಬೇಡಿ. ವಾರಂಟಿ ಮುಗಿಯುವ ಮೊದಲೇ ಇಮೇಲ್ ಹಾಕಿ. ಬಿಲ್ಲು, ಜಾಬ್ ಕಾರ್ಡು (ಸರ್ವಿಸ್ ಸೆಂಟರಿನವರು ತೊಂದರೆ ಬರೆದು ಕೊಡುವ ಚೀಟಿ), ಆಫ್ ಆಗುವ ವಿಡಿಯೋ ಎಲ್ಲ ಇಡಿ. ಅಂಗಡಿಯವರೇ ವೈರ್ ಎಳೆದಿದ್ದರೆ ಅವರನ್ನೂ ದೂರಿನಲ್ಲಿ ಸೇರಿಸಿ.

ಕಣದ_ಕಾವಲು (ಸಿದ್ದಾಪುರ)

ವಿರಾಜಪೇಟೆ ಸರ್, ನಿಮಗೆ ದೊಡ್ಡ ನಮಸ್ಕಾರ. ಕಣದ ಕಂಬಕ್ಕೆ ಏಣಿ ಇಟ್ಟು ನಮ್ಮ ತೋಟದ ಲೆಕ್ಕ ಬರೆಯುವ ರೈಟರ ಕರಿ ಕೊಡೆ ಹಿಡಿದೆವು. ಟಕ್ ಅಂತು, ಆಫ್. ವರಾಂಡಕ್ಕೆ ತಂದು ಗಿಡ್ಡ ವೈರಿನಲ್ಲಿ ಹಾಕಿ ಮತ್ತೆ ಅದೇ ಕೊಡೆ ಹಿಡಿದರೆ ಆಫ್ ಆಗಲೇ ಇಲ್ಲ. ವೈರ್ ಎಳೆದದ್ದು ಅಂಗಡಿಯವರು, ಬಿಲ್ಲಿನಲ್ಲಿ "ಕೇಬಲ್ ಮತ್ತು ಫಿಟ್ಟಿಂಗ್" ಅಂತ ಬೇರೆ ದುಡ್ಡು ತಗೊಂಡಿದ್ದಾರೆ.

ಆದರೂ ಸರ್ವಿಸ್ ಸೆಂಟರಿನವರ ಮೇಲಿನ ಕೋಪ ಇಳಿದಿಲ್ಲ. ಕತ್ತಲಲ್ಲಿ ಆಫ್ ಆಗುತ್ತದೆ ಅಂತ ಜಾಬ್ ಕಾರ್ಡಿನಲ್ಲೇ ಬರೆಸಿದ್ದೆ. ಹೊರಗೆ ಎಷ್ಟು ವೈರ್ ಎಳೆದಿದ್ದೀರಿ ಅಂತ ಒಂದು ಮಾತು ಕೇಳಬಾರದಿತ್ತಾ? ನಾಳೆ ಕೊಡೆ ಹಿಡಿದ ವಿಡಿಯೋ ಅಂಗಡಿಗೂ ಕಂಪನಿಗೂ ಕಳಿಸುತ್ತೇನೆ. ಒಂದು ಕೇಳಬೇಕಿತ್ತು ಸರ್, ಮನೆಯಿಂದ ಕಣಕ್ಕೆ ಸ್ವಲ್ಪ ದೂರ ಇದೆ. ದಪ್ಪ ವೈರ್ ಹಾಕಿದರೆ ಸಾಕಾ, 12 ವೋಲ್ಟಿನದ್ದೇ ತಗೋಬೇಕಾ?

ವೈರ್‌ಮ್ಯಾನ್_ವಿರಾಜಪೇಟೆ

ಅಷ್ಟು ದೂರಕ್ಕೆ 5 ವೋಲ್ಟ್ ಎಳೆಯುವುದೇ ಬೇಡ. ಮನೆಯ 230 ವೋಲ್ಟಿನ ಲೈನನ್ನೇ ಪೈಪಿನೊಳಗೆ ಕಂಬದವರೆಗೆ ತಂದು, ಮಳೆ ತಾಗದ ಬಾಕ್ಸಿನಲ್ಲಿ ಅಡಾಪ್ಟರ್ ಇಡಿಸಿ. ಅರ್ತಿಂಗ್ ಬಿಡಬೇಡಿ. ಖರ್ಚು ಅಂಗಡಿಯವರೇ ಕೊಡಲಿ.